ಕೇಳಬಾರದವರನ್ನು ಕೇಳಿದ ಕಂಪ್ಯೂಟರ್

ನಮ್ಮ ಕಾಸರಗೋಡಿನ ಕಡೆಯ ಹಳ್ಳಿಗಳಲ್ಲಿ ಒಂದು ಮನೆಯನ್ನು ಹುಡುಕಿಕೊಂಡು ಬಂದವರು ಕವಲುದಾರಿಯ ಅಂಗಡಿಯಲ್ಲಿ ವಿಚಾರಿಸಿದರೆ ಕ್ಷಣಮಾತ್ರದಲ್ಲಿ ದಾರಿ ತಿಳಿಯುತ್ತದೆ. ಅದೇ ಮನೆಯ ಹೆಸರನ್ನು ಮಂಗಳೂರಿನ ಬಸ್ಸು ನಿಲ್ದಾಣದಲ್ಲಿ ಕೇಳಿದರೆ ಅಂತಹ ಮನೆಯೇ ಇಲ್ಲವೆಂಬ ಉತ್ತರ ಬಂದೀತು. ಹಾಗೆ ಉತ್ತರಿಸಿದವನು ಸುಳ್ಳುಗಾರನಲ್ಲ; ಅವನು ಬಲ್ಲ ಊರೇ ಬೇರೆ. ಕಳೆದ ಮಳೆಗಾಲದಲ್ಲಿ ನಮ್ಮ ಸೋದರಳಿಯನನ್ನು ಮೂರು ವಾರಗಳ ಕಾಲ ಕಂಗೆಡಿಸಿದ ತೊಡಕಿನ ತಿರುಳು ಇಷ್ಟೇ ಆಗಿತ್ತು.

ಹುಡುಗನು ಪದವಿ ಮುಗಿಸಿ, ಕಚೇರಿಗಳ ಕಂಪ್ಯೂಟರ್ ಜಾಲಗಳನ್ನು ನೋಡಿಕೊಳ್ಳುವ ಉದ್ಯೋಗವನ್ನು ಅರಸುತ್ತಿದ್ದನು. ಕೈಯಾರೆ ಮಾಡಿದ ಅನುಭವವುಂಟೇ ಎಂದು ಒಂದು ಸಂದರ್ಶನದಲ್ಲಿ ಕೇಳಿದಾಗ ತಲೆತಗ್ಗಿಸಿ ಮರಳಿದ್ದನು. ಆ ಬಳಿಕ ಅವನ ತಂದೆ ಅಡಿಕೆ ಮಾರಿದ ಹಣದಲ್ಲಿ 16 ಜಿ.ಬಿ. ಮೆಮೊರಿಯುಳ್ಳ ಹಳೆಯ ಕಂಪ್ಯೂಟರೊಂದನ್ನು ತಂದುಕೊಟ್ಟರು. ಅದರೊಳಗೆ ಅವನು ಎರಡು ವರ್ಚುವಲ್ ಯಂತ್ರಗಳನ್ನು ಸ್ಥಾಪಿಸಿದನು. ಒಂದು ವಿಂಡೋಸ್ ಸರ್ವರ್. ಇದರ 180 ದಿನಗಳ ಪರೀಕ್ಷಾ ಆವೃತ್ತಿ ಉಚಿತವಾಗಿ ದೊರೆಯುತ್ತದೆ. ಇನ್ನೊಂದು ವಿಂಡೋಸ್ 11ರ ಪ್ರೊ ಆವೃತ್ತಿ; ಹೋಮ್ ಆವೃತ್ತಿಯನ್ನು ಡೊಮೇನಿಗೆ ಸೇರಿಸಲಾಗದು. ಎರಡನ್ನೂ ಮನೆಯ ರೌಟರಿನ ಜಾಲಕ್ಕೇ ಜೋಡಿಸಿದನು.

ಗ್ರೂಪ್ ಪಾಲಿಸಿ ಎಂಬುದು ಕೂಡುಕುಟುಂಬದ ಯಜಮಾನನ ಕಟ್ಟಳೆಯಂತಹುದು. ಪಾಸ್‌ವರ್ಡ್ ಎಷ್ಟು ಉದ್ದವಿರಬೇಕು, ಪೆನ್‌ಡ್ರೈವ್ ಹಾಕಬಹುದೇ, ಪರದೆಯ ಮೇಲೆ ಯಾವ ಚಿತ್ರವಿರಬೇಕು ಎಂಬುದನ್ನೆಲ್ಲ ಸರ್ವರಿನಲ್ಲಿ ಒಮ್ಮೆ ಬರೆದಿಟ್ಟರೆ ಸಾಕು. ಆದರೆ ಯಜಮಾನನು ತಾನಾಗಿ ಹೋಗಿ ಯಾರಿಗೂ ಹೇಳುವುದಿಲ್ಲ. ಕೆಳಗಿನ ಯಂತ್ರವೇ ಆರಂಭವಾಗುವಾಗಲೂ, ಬಳಕೆದಾರನು ಒಳಹೊಕ್ಕಾಗಲೂ, ಆಮೇಲೆ ಸುಮಾರು 90ರಿಂದ 120 ನಿಮಿಷಗಳಿಗೊಮ್ಮೆಯೂ ಬಂದು ಕಟ್ಟಳೆಯನ್ನು ಓದಿಕೊಳ್ಳಬೇಕು. ಬರಬೇಕಾದರೆ ಯಜಮಾನನ ಮನೆ ಎಲ್ಲಿದೆಯೆಂದು ತಿಳಿದಿರಬೇಕು. ಆ ವಿಳಾಸವನ್ನು ಹೇಳುವುದೇ ಡಿ.ಎನ್.ಎಸ್.

ಮೊದಲಿಗೆ ಅಮೆರಿಕದ ಜಾಲದಲ್ಲಿದ್ದ ಕಂಪ್ಯೂಟರುಗಳ ಹೆಸರುಗಳೆಲ್ಲ ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯವರು ಅದನ್ನು ತಿದ್ದಿ ಹಂಚುತ್ತಿದ್ದರು. ಜಾಲ ಬೆಳೆದಂತೆ ಅದು ಅಸಾಧ್ಯವಾಗಲು, 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬವರು ಈ ಹಂಚಿಕೆಯ ಹೆಸರುವ್ಯವಸ್ಥೆಯನ್ನು ರೂಪಿಸಿದರು. ಒಂದೇ ಊರು ಒಂದು ಫಲಕದಲ್ಲಿ ಮಂಜೇಶ್ವರವೆಂದೂ ಇನ್ನೊಂದರಲ್ಲಿ ಮಂಜೇಶ್ವರಂ ಎಂದೂ ಕಾಣುವ ನಾಡಿನಲ್ಲಿ ಬಾಳುವ ನಮಗೆ, ಹೆಸರಿನ ಪಟ್ಟಿ ಯಾರ ಕೈಯಲ್ಲಿದೆಯೆಂಬುದು ಸಣ್ಣ ಸಂಗತಿಯಲ್ಲವೆಂದು ವಿವರಿಸಬೇಕಾಗಿಲ್ಲ. 2000ದಲ್ಲಿ ಬಂದ ಆ್ಯಕ್ಟಿವ್ ಡೈರೆಕ್ಟರಿಯು ಈ ಡಿ.ಎನ್.ಎಸ್. ಮೇಲೆಯೇ ನಿಂತಿದೆ. ಡೊಮೇನಿನ ಸರ್ವರುಗಳು ಎಲ್ಲಿವೆಯೆಂದು ಸೂಚಿಸುವ ಎಸ್‌ಆರ್‌ವಿ ದಾಖಲೆಗಳು ನಮ್ಮ ಹುಡುಗನ ಸರ್ವರಿನ ಡಿ.ಎನ್.ಎಸ್.ನಲ್ಲಿ ಮಾತ್ರ ಇದ್ದವು. ರೌಟರಾಗಲಿ ಹೊರಜಗತ್ತಾಗಲಿ ಅವನ್ನು ಅರಿಯದು.

ಮೊದಲ ದಿನ ಎಲ್ಲವೂ ಸರಿಯಾಗಿತ್ತು. ಯಂತ್ರವು ಡೊಮೇನಿಗೆ ಸೇರಿತು. ಮೂರನೆಯ ದಿನದಿಂದ ಹೊಸ ಕಟ್ಟಳೆಗಳು ಬರಲೊಲ್ಲವು. ಜಿಪಿಅಪ್‌ಡೇಟ್ ಆಜ್ಞೆಯನ್ನು ಎಷ್ಟು ಸಲ ಕೊಟ್ಟರೂ ವಿಫಲ. ವಿಚಿತ್ರವೆಂದರೆ ಡೊಮೇನಿನ ಹೆಸರು, ಪಾಸ್‌ವರ್ಡುಗಳಿಂದ ಒಳಹೋಗಲು ಯಾವ ಅಡ್ಡಿಯೂ ಇರಲಿಲ್ಲ. ಸರ್ವರ್ ಸಿಗದಾಗ ವಿಂಡೋಸ್ ತನ್ನಲ್ಲಿ ಹಿಂದೆ ಉಳಿಸಿಕೊಂಡ ಗುರುತಿನಿಂದಲೇ ಬಳಕೆದಾರನನ್ನು ಒಳಬಿಡುತ್ತದೆಂಬುದು ಅವನಿಗೆ ಹೊಳೆದಿರಲಿಲ್ಲ. ಒಳಗೆ ಬಿಟ್ಟಿತಾದುದರಿಂದ ಸಂಪರ್ಕ ಸರಿಯಿದೆಯೆಂದೇ ನಂಬಿ, ದೋಷವನ್ನು ಪಾಲಿಸಿಯಲ್ಲೇ ಹುಡುಕುತ್ತಿದ್ದನು. ಎರಡು ಬಾರಿ ಎಲ್ಲವನ್ನೂ ಅಳಿಸಿ ಹೊಸದಾಗಿ ಕಟ್ಟಿದನು.

"ಮಾವ, ಇನ್ನೊಮ್ಮೆ ಅಳಿಸಿಬಿಡುತ್ತೇನೆ. ಇದು ನನ್ನಿಂದಾಗುವ ಕೆಲಸವಲ್ಲವೋ ಏನೋ" ಎಂದು ಒಂದು ರಾತ್ರಿ ಹೇಳಿದನು.

"ಅಳಿಸುವುದು ಬೆಳಿಗ್ಗೆಯೂ ಆದೀತು. ಅದು ಯಾರನ್ನು ಕೇಳುತ್ತಿದೆಯೆಂದು ಮೊದಲು ನೋಡು ಮಗ" ಎಂದೆವು. ನಮಗೆ ಆ ವಿದ್ಯೆ ಹೆಚ್ಚೇನೂ ತಿಳಿಯದು. ಒಂದು ಕಾಲದಲ್ಲಿ ಕಚೇರಿಯಲ್ಲಿ ಕುಳಿತು ಕಂಡ ಅಭ್ಯಾಸವಷ್ಟೆ.

ಐಪಿಕಾನ್ಫಿಗ್ ಆಜ್ಞೆಗೆ 'ಆಲ್' ಸೇರಿಸಿ ಕೊಟ್ಟಾಗ ಡಿ.ಎನ್.ಎಸ್. ಸಾಲಿನಲ್ಲಿ ಎರಡು ವಿಳಾಸಗಳು ಕಂಡವು: ಮೊದಲನೆಯದು ಸರ್ವರಿನದು, ಎರಡನೆಯದು 8.8.8.8. ಸರ್ವರ್ ನಿಂತರೂ ಇಂಟರ್‌ನೆಟ್ ನಿಲ್ಲಬಾರದೆಂದು ಅವನೇ ಸೇರಿಸಿದ್ದನು. ಇಲ್ಲಿಯೇ ಬಹುಮಂದಿ ಎಡವುವುದು. ಎರಡನೆಯ ವಿಳಾಸವೆಂದರೆ ಮೊದಲನೆಯವನಿಗೆ ತಿಳಿಯದುದನ್ನು ಕೇಳುವ ಸ್ಥಳವಲ್ಲ. ಮೊದಲನೆಯವನು ಬಾಯಿಬಿಡದಾಗ ಹೋಗುವ ಸ್ಥಳ. ಸರ್ವರ್ ಎಚ್ಚರಗೊಳ್ಳುವ ಮೊದಲೇ ಇನ್ನೊಂದು ಯಂತ್ರವು ಎದ್ದು ಹೊರಗಿನವನನ್ನು ಕೇಳಿತು. ಅಂತಹ ಹೆಸರೇ ಇಲ್ಲವೆಂದು ಅವನು ಹೇಳಿದನು. ಇಲ್ಲವೆಂಬುದೂ ಉತ್ತರವೇ. ಯಂತ್ರವು ಅದನ್ನು ನಂಬಿ, ಕೆಲಕಾಲ ನೆನಪಿನಲ್ಲಿಯೂ ಇಟ್ಟುಕೊಂಡಿತು.

8.8.8.8ನ್ನು ತೆಗೆದು, ಆ ನೆನಪನ್ನು ಫ್ಲಶ್‌ಡಿಎನ್ಎಸ್ ಆಜ್ಞೆಯಿಂದ ಅಳಿಸಿದೆವು. ಹೊರಗಿನ ಹೆಸರುಗಳಿಗಾಗಿ ಸರ್ವರಿನ ಡಿ.ಎನ್.ಎಸ್.ನಲ್ಲಿಯೇ ಫಾರ್ವರ್ಡರ್ ಆಗಿ ಅದೇ ವಿಳಾಸವನ್ನು ಇಟ್ಟೆವು. ಅದು ಇರಬೇಕಾದ ಜಾಗ ಅಲ್ಲಿಯೇ. ಆದರೂ ಎನ್‌ಎಸ್‌ಲುಕಪ್ ಕೊಟ್ಟಾಗ ಉತ್ತರಿಸಿದವನು ಸರ್ವರ್ ಅಲ್ಲ, ಎಫ್‌ಇ80ರಿಂದ ಆರಂಭವಾಗುವ ಉದ್ದನೆಯ ವಿಳಾಸದವನು. ಅದು ಮನೆಯ ರೌಟರೇ! ಹುಡುಗನು ಕೈಯಿಂದ ಬರೆದುದು ಐಪಿ ನಾಲ್ಕನೆಯ ಆವೃತ್ತಿಯ ವಿಳಾಸವನ್ನು ಮಾತ್ರ. ರೌಟರು ಆರನೆಯ ಆವೃತ್ತಿಯ ಮೂಲಕ ತನ್ನನ್ನೇ ಡಿ.ಎನ್.ಎಸ್. ಎಂದು ಸಾರುತ್ತಿತ್ತು. ರೌಟರಿನಲ್ಲಿ ಆ ಸಾರುವಿಕೆಯನ್ನು ನಿಲ್ಲಿಸಲು ಎಡೆಯಿತ್ತು, ನಿಲ್ಲಿಸಿದೆವು. ಅನುಕೂಲವಿಲ್ಲದವರು ಅಭ್ಯಾಸದ ಯಂತ್ರಗಳನ್ನು ರೌಟರಿನಿಂದ ಪ್ರತ್ಯೇಕವಾದ ಒಳಜಾಲದಲ್ಲಿರಿಸುವುದು ಲೇಸು.

ಈ ಬಾರಿ ಜಿಪಿಅಪ್‌ಡೇಟ್ ಯಶಸ್ವಿಯಾಯಿತು. ಮತ್ತೆ ಒಳಹೊಕ್ಕಾಗ ಅವನು ಗೊತ್ತುಮಾಡಿದ್ದ ಬೇಕಲ ಕೋಟೆಯ ಚಿತ್ರ ಪರದೆಯ ಮೇಲೆ ಮೂಡಿತು. ಪೆನ್‌ಡ್ರೈವ್ ನಿಷೇಧ ಮಾತ್ರ ಬರಲಿಲ್ಲ. ಆಗ, ವಾಚಕರೇ, ಹುಡುಗನು ನಮ್ಮ ಮುಖ ನೋಡಲಿಲ್ಲ. ತಾನೇ ಜಿಪಿರಿಸಲ್ಟ್ ತೆಗೆದು ಓದಿದನು. ಯಂತ್ರದ ಪಾಲಿಗೆ ಆ ಕಟ್ಟಳೆಯ ಹೆಸರೇ ಅಲ್ಲಿರಲಿಲ್ಲ. ಹೊಸದಾಗಿ ಸೇರಿದ ಕಂಪ್ಯೂಟರುಗಳು ಮೊದಲು 'ಕಂಪ್ಯೂಟರ್ಸ್' ಎಂಬ ಸಾಮಾನ್ಯ ಸಂಚಿಯಲ್ಲಿ ಬಿದ್ದಿರುತ್ತವೆ. ಆ ಸಂಚಿಗೆ ಪಾಲಿಸಿಯನ್ನು ಜೋಡಿಸಲಾಗದು. ಅವನು ಪಾಲಿಸಿಯನ್ನು ಕಟ್ಟಿದ್ದುದು ತಾನು ಮಾಡಿದ ಬೇರೊಂದು ಘಟಕಕ್ಕೆ. ಯಂತ್ರವನ್ನು ಅಲ್ಲಿಗೆ ಸರಿಸಿ ಪುನರಾರಂಭಿಸಿದೊಡನೆ ಪೆನ್‌ಡ್ರೈವಿಗೆ ಬಾಗಿಲು ಮುಚ್ಚಿತು.

ಗಂಟೆ ಹನ್ನೆರಡು ಮೀರಿತ್ತು; ಅಕ್ಕ ಬಡಿಸಿಟ್ಟ ಗಂಜಿ ತಣ್ಣಗಾಗಿತ್ತು. ಮರುದಿನದಿಂದ ಅವನು ತಾನೇ ಒಂದೊಂದು ದೋಷವನ್ನು ಬೇಕೆಂದು ಉಂಟುಮಾಡಿ, ಅದನ್ನು ಹುಡುಕಿ, ನೋಟುಪುಸ್ತಕದಲ್ಲಿ ಬರೆದಿಡತೊಡಗಿದನು. ಸರ್ವರಿಗೂ ಯಂತ್ರಕ್ಕೂ ಐದು ನಿಮಿಷಕ್ಕಿಂತ ಹೆಚ್ಚು ಸಮಯದ ಅಂತರ ಬಂದರೆ ಗುರುತಿನ ಪರೀಕ್ಷೆಯೇ ಕೆಡುತ್ತದೆಂಬುದು ಅದರ ನಾಲ್ಕನೆಯ ಪುಟದಲ್ಲಿದೆ. ಮುಂದಿನ ತಿಂಗಳು ಮಂಗಳೂರಿನಲ್ಲಿ ಮತ್ತೊಂದು ಸಂದರ್ಶನವಿದೆ. ಪುಸ್ತಕವನ್ನು ಜೊತೆಯಲ್ಲಿ ಒಯ್ಯುವನಂತೆ.