ಟೈಗಾ ಕಾಡಿಗೂ ಟೈಗರ್‌ಗೂ ಸಂಬಂಧ ಇದೆಯೇ?

ಸೈಬೀರಿಯಾದ ಹಿಮದಲ್ಲಿ ನಡೆಯುವ ಹುಲಿಯ ವಿಡಿಯೋ ನೋಡುತ್ತೇವೆ. ಆ ಕಾಡಿನ ಹೆಸರು ‘ಟೈಗಾ’ ಎಂದು ಓದುತ್ತೇವೆ. ಟೈಗರ್ ಇರುವ ಕಾಡು, ಅದಕ್ಕೇ ಟೈಗಾ ಎಂದುಕೊಳ್ಳುವುದು ಸುಲಭ. ಆದರೆ ಈ ಎರಡು ಪದಗಳ ನಡುವೆ ಯಾವ ನೆಂಟಸ್ತಿಕೆಯೂ ಇಲ್ಲ.

ಪದ ಬಂದದ್ದು ಎಲ್ಲಿಂದ?

‘ಟೈಗರ್’ ಇಂಗ್ಲಿಷಿಗೆ ಬಂದದ್ದು ಗ್ರೀಕ್ ಮತ್ತು ಲ್ಯಾಟಿನ್ ಹಾದಿಯಲ್ಲಿ. ‘ಟೈಗಾ’ ಬಂದದ್ದು ರಷ್ಯನ್ ಭಾಷೆಯಿಂದ. ರಷ್ಯನ್ನರು ಅದನ್ನು ‘ತೈಗಾ’ ಎನ್ನುತ್ತಾರೆ. ಅವರಿಗೂ ಇದು ಸೈಬೀರಿಯಾದ ಸ್ಥಳೀಯರಿಂದ ಸಿಕ್ಕ ಪದ. ಅಲ್ಲಿನ ತುರ್ಕಿ ಗುಂಪಿನ ಭಾಷೆಗಳಲ್ಲೂ ಮಂಗೋಲಿಯನ್ ಭಾಷೆಯಲ್ಲೂ ಈ ಪದವಿದೆ. ಕಾಡು ತುಂಬಿದ ಬೆಟ್ಟಪ್ರದೇಶ ಎಂಬುದು ಅದರ ಅರ್ಥ. ಮೂಲ ಯಾವ ಭಾಷೆಯದು ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ.

ಇದೇ ಕಾಡಿಗೆ ‘ಬೋರಿಯಲ್ ಕಾಡು’ ಎಂಬ ಹೆಸರೂ ಇದೆ. ಗ್ರೀಕರ ಪುರಾಣದಲ್ಲಿ ಬೋರಿಯಸ್ ಎಂದರೆ ಉತ್ತರದಿಂದ ಬೀಸುವ ಗಾಳಿಯ ದೇವತೆ. ರಷ್ಯಾ, ಕೆನಡಾ, ಅಲಾಸ್ಕಾ, ಫಿನ್‌ಲ್ಯಾಂಡ್, ಸ್ವೀಡನ್, ನಾರ್ವೆಗಳಲ್ಲಿ ಹಬ್ಬಿರುವ ಈ ಕಾಡು ಜಗತ್ತಿನ ಒಟ್ಟು ಅರಣ್ಯದ ಕಾಲುಭಾಗಕ್ಕಿಂತಲೂ ಹೆಚ್ಚು.

ವರ್ಷವಿಡೀ ಹಸಿರೇ?

ಬಹುಪಾಲು ಹೌದು. ಪೈನ್, ಸ್ಪ್ರೂಸ್, ಫರ್ ಮರಗಳ ಎಲೆ ಸೂಜಿಯಂತಿದ್ದು, ಮೇಲೆ ಮೇಣದಂಥ ಪದರವಿರುತ್ತದೆ. ಹಾಗಾಗಿ ಚಳಿಗಾಲದಲ್ಲೂ ನೀರಿನಂಶ ಉಳಿಯುತ್ತದೆ. ಆದರೆ ಪೂರ್ವ ಸೈಬೀರಿಯಾದಲ್ಲಿ ಹೆಚ್ಚಾಗಿರುವ ಲಾರ್ಚ್ ಮರ ಚಳಿಗಾಲಕ್ಕೆ ಮುನ್ನ ಎಲೆಗಳನ್ನೆಲ್ಲ ಉದುರಿಸುತ್ತದೆ. ನಮ್ಮ ಪಶ್ಚಿಮ ಘಟ್ಟದ ಕಾಡನ್ನೂ ನಾವು ನಿತ್ಯಹರಿದ್ವರ್ಣ ಎನ್ನುತ್ತೇವೆ. ಅಲ್ಲಿನ ಹಸಿರಿಗೆ ಹೇರಳ ಮಳೆ ಕಾರಣ. ಟೈಗಾದಲ್ಲಿ ಮಳೆ, ಹಿಮ ಎರಡೂ ಸೇರಿದರೂ ಕಡಿಮೆಯೇ.

ಸುಟ್ಟರೆ ಮತ್ತೆ ಚಿಗುರುವುದಿಲ್ಲವೇ?

ಮರಗಳು ಚಿಗುರುತ್ತವೆ. ಚಿಂತೆಯಿರುವುದು ನೆಲದ ಬಗ್ಗೆ. ಚಳಿಯಲ್ಲಿ ಉದುರಿದ ಎಲೆ, ಪಾಚಿ ಬೇಗ ಕೊಳೆಯುವುದಿಲ್ಲ. ಅವು ಸಾವಿರಾರು ವರ್ಷಗಳಿಂದ ಪದರ ಪದರವಾಗಿ ಶೇಖರವಾಗಿವೆ. ಹೀಗಾಗಿ ಟೈಗಾದಲ್ಲಿ ಮರಗಳಿಗಿಂತ ಹೆಚ್ಚು ಇಂಗಾಲ ಮಣ್ಣಿನಲ್ಲೇ ಇದೆ. ಬೆಂಕಿ ಆ ಪದರಕ್ಕೂ ಇಳಿದರೆ, ಹಳೆಯ ಇಂಗಾಲ ಹೊಗೆಯಾಗಿ ಗಾಳಿಗೆ ಸೇರಿ ಭೂಮಿಯ ಬಿಸಿ ಹೆಚ್ಚಿಸುತ್ತದೆ. 2023ರಲ್ಲಿ ಕೆನಡಾದಲ್ಲಿ ಸುಮಾರು 1.5 ಕೋಟಿ ಹೆಕ್ಟೇರ್ ಅಥವಾ ಅದಕ್ಕಿಂತ ಹೆಚ್ಚು ಪ್ರದೇಶ ಸುಟ್ಟಿತು. ಅದರ ಹೊಗೆಯಿಂದಲೇ ಆ ಜೂನ್‌ನಲ್ಲಿ ನ್ಯೂಯಾರ್ಕ್‌ನ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು.

ಹಾಗಾಗಿ ಟೈಗಾದ ಬೆಂಕಿಯ ಚಿತ್ರದ ಜೊತೆ ‘ಕಾಡು ತಾನೇ, ಮತ್ತೆ ಬೆಳೆಯುತ್ತದೆ’ ಎಂಬ ಮಾತು ಬಂದರೆ ಅದನ್ನು ಹಾಗೇ ಮುಂದಕ್ಕೆ ಕಳಿಸಬೇಡಿ. ಮರ ಕೆಲವು ದಶಕಗಳಲ್ಲಿ ಬೆಳೆದೀತು. ಸುಟ್ಟುಹೋದ ಹಳೆಯ ಮಣ್ಣಿನ ಪದರ ಮತ್ತೆ ಕೂಡಿಬರಲು ಶತಮಾನಗಳೇ ಬೇಕು.