ಮಿತ್ರನ ಮತಿ ಕೆಡುವ ಪರಿ

ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ 1979ರಲ್ಲಿ ಹೊರತಂದ 'ಡಂಜನ್ ಮಾಸ್ಟರ್ಸ್ ಗೈಡ್' ಪುಸ್ತಕದಲ್ಲಿ ಹುಚ್ಚಿಗೆಂದೇ ಒಂದು ಪಟ್ಟಿ ಇದೆ. ಒಟ್ಟು 20 ಬಗೆ. ಆಟದಲ್ಲಿ ಯಾವುದಾದರೂ ಪಾತ್ರದ ಬುದ್ಧಿ ಕೆಟ್ಟಿತೆಂದಾದರೆ, ಯಾವ ಬಗೆಯ ಹುಚ್ಚು ಎಂಬುದನ್ನು ಆ ಪಟ್ಟಿಯಿಂದ ದಾಳದ ಮೂಲಕ ತೀರ್ಮಾನಿಸಬಹುದು. ಕದಿಯುವ ಗೀಳು, ಕುಡಿಯುವ ಗೀಳು, ಎಲ್ಲರ ಮೇಲೂ ಸಂಶಯ, ಕೊಲೆಯ ಉನ್ಮಾದ, ಹೀಗೆ ಸಾಲು ಸಾಗುತ್ತದೆ. ಸ್ಕಿಜೋಫ್ರೇನಿಯಾ ಒಂದು ಸಾಲಿನಲ್ಲಿದ್ದರೆ, ಅದಕ್ಕಿದ್ದ ಹಳೆಯ ಹೆಸರಾದ ಡಿಮೆನ್ಷಿಯಾ ಪ್ರೀಕಾಕ್ಸ್ ಬೇರೆಯದೇ ಕಾಯಿಲೆಯಾಗಿ ಇನ್ನೊಂದು ಸಾಲಿನಲ್ಲಿ ಕೂತಿದೆ. ಅದು ವೈದ್ಯರಿಗಾಗಿ ಬರೆದ ಪುಸ್ತಕವಲ್ಲ, ಹಾಗಾಗಿ ಆ ತಪ್ಪನ್ನು ದೊಡ್ಡದು ಮಾಡಬೇಕಿಲ್ಲ. ನಿಜವಾದ ತೊಡಕು ಪಟ್ಟಿಯ ಹಿಂದಿನ ಗ್ರಹಿಕೆಯಲ್ಲಿದೆ. ಹುಚ್ಚು ಹೊರಗಿನಿಂದ ಒಮ್ಮೆಲೆ ಬಂದು ಎರಗುತ್ತದೆ, ಅದಕ್ಕೂ ಆ ಮನುಷ್ಯ ನಿನ್ನೆಯವರೆಗೆ ಬಾಳಿದ ಬಾಳಿಗೂ ಸಂಬಂಧವಿಲ್ಲ ಎಂಬ ಈ ಗ್ರಹಿಕೆ ಬಹುಕಾಲ ಈ ಆಟಗಳ ಬೆನ್ನು ಬಿಡಲಿಲ್ಲ. ಆಟಗಾರರ ಬೆಂಬಲಕ್ಕೆ ನಿಂತ ಬಲಶಾಲಿ ಮಿತ್ರನೊಬ್ಬ ಮೆಲ್ಲಮೆಲ್ಲನೆ ಮತಿಗೆಡುವುದನ್ನು ನಂಬುವಂತೆ ಕಟ್ಟಿಕೊಡಬೇಕಾದರೆ ಮೊದಲು ಕಳಚಿಕೊಳ್ಳಬೇಕಾದದ್ದು ಇದನ್ನೇ. ಕಳಚಿಕೊಂಡ ದಾರಿ ಸ್ವಾರಸ್ಯಕರವಾಗಿದೆ.

ಆಟದ ಪರಿಚಯವಿಲ್ಲದವರಿಗೆ ಒಂದು ಮಾತು. ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ 1974ರಲ್ಲಿ ಪ್ರಕಟಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಈ ಬಗೆಯ ಆಟಗಳ ಮೂಲ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ಏನು ಮಾಡುತ್ತೇವೆಂದು ಹೇಳುತ್ತಾರೆ. ಫಲ ಸಂದಿಗ್ಧವಾದಾಗ ದಾಳ ಉರುಳಿಸುತ್ತಾರೆ. ಉಳಿದ ಜಗತ್ತನ್ನೆಲ್ಲ, ಅಂದರೆ ಊರು, ಶತ್ರು, ಸೇವಕ, ಮಿತ್ರ ಎಲ್ಲವನ್ನೂ ಡಂಜನ್ ಮಾಸ್ಟರ್ ಅಥವಾ ಡಿಎಂ ಎಂಬ ಒಬ್ಬರು ನಡೆಸುತ್ತಾರೆ. ನಮ್ಮ ಕರಾವಳಿಯ ತಾಳಮದ್ದಳೆ ಬಲ್ಲವರಿಗೆ ಇದರ ಜೀವಾಳ ಬೇಗ ತಿಳಿದೀತು. ವೇಷವಿಲ್ಲ, ರಂಗಸಜ್ಜಿಕೆಯಿಲ್ಲ, ಕೂತಲ್ಲೇ, ಎದುರಾಳಿಯ ಮಾತಿಗೆ ಆ ಕ್ಷಣದಲ್ಲೇ ಉತ್ತರ ಹುಟ್ಟಬೇಕು, ಪಾತ್ರ ಮಾತಿನಲ್ಲೇ ಮೂಡಬೇಕು. ತಾಳಮದ್ದಳೆಗೆ ಪ್ರಸಂಗದ ಪದ್ಯಗಳ ಕಟ್ಟು ಇರುತ್ತದೆ, ಇಲ್ಲಿ ಅದೂ ಇಲ್ಲ. ಒಂದು ಕಥೆ ವಾರವಾರವೂ ಕೂಡಿ ಆಡುತ್ತ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮುಂದುವರಿಯುತ್ತದೆ. ಅದಕ್ಕೆ ಕ್ಯಾಂಪೇನ್ ಎನ್ನುತ್ತಾರೆ.

ಹುಚ್ಚಿಗೆ 'ಮೆಲ್ಲಮೆಲ್ಲನೆ' ಎಂಬ ಗುಣ ಬಂದದ್ದು 1981ರಲ್ಲಿ. ಸ್ಯಾಂಡಿ ಪೀಟರ್ಸನ್ ಎಚ್.ಪಿ. ಲವ್‌ಕ್ರಾಫ್ಟ್‌ನ ಭಯಾನಕ ಕಥೆಗಳನ್ನು ಆಧರಿಸಿ 'ಕಾಲ್ ಆಫ್ ಕ್ಥುಲು' ಆಟವನ್ನು ರೂಪಿಸಿದರು. ಅದರಲ್ಲಿ ಪ್ರತಿ ಪಾತ್ರಕ್ಕೂ ಚಿತ್ತಸ್ವಾಸ್ಥ್ಯದ ಅಂಕಗಳಿವೆ. ನೋಡಬಾರದ್ದನ್ನು ನೋಡಿದಾಗ, ಓದಬಾರದ್ದನ್ನು ಓದಿದಾಗ ಅಂಕ ಕರಗುತ್ತದೆ. ಒಂದೇ ಏಟಿಗೆ ಐದೋ ಹೆಚ್ಚೋ ಹೋದರೆ ತಾತ್ಕಾಲಿಕವಾಗಿ ಬುದ್ಧಿ ಕೆಡುವ ಅಪಾಯವಿದೆ. ಇದರಲ್ಲಿ ಅಡಗಿರುವ ಇನ್ನೊಂದು ನಿಯಮವಂತೂ ಅಪೂರ್ವವಾದದ್ದು. ಆ ಕರಾಳ ರಹಸ್ಯಗಳ ಕುರಿತ ತಿಳಿವಳಿಕೆ ಎಷ್ಟು ಹೆಚ್ಚುತ್ತದೋ, ಪಾತ್ರಕ್ಕೆ ಇರಬಹುದಾದ ಚಿತ್ತಸ್ವಾಸ್ಥ್ಯದ ಗರಿಷ್ಠ ಮಿತಿ ಅಷ್ಟೇ ಇಳಿಯುತ್ತದೆ. ಶತ್ರುವನ್ನು ಎದುರಿಸಲು ಬೇಕಾದ ಅರಿವೇ ಎದುರಿಸುವವನನ್ನು ತಿನ್ನುತ್ತದೆ. ಇಲ್ಲಿ ಮೊದಲ ಬಾರಿಗೆ ಹುಚ್ಚಿಗೆ ಒಂದು ಕಾರಣ ಸಿಕ್ಕಿತು, ಒಂದು ಇತಿಹಾಸ ಸಿಕ್ಕಿತು. ಎಲ್ಲಕ್ಕಿಂತ ಮುಖ್ಯವಾಗಿ, ಅದು ಒಳ್ಳೆಯ ಉದ್ದೇಶದ ಬೆನ್ನಿಗೇ ಬರುವಂಥದ್ದಾಯಿತು.

ಆಮೇಲೆ ಬಂದವರು ಈ ಎಳೆಯನ್ನು ಬೇರೆ ಬೇರೆ ದಿಕ್ಕಿಗೆ ಎಳೆದರು. ಗ್ರೆಗ್ ಸ್ಟಾಫರ್ಡ್ ಅವರ 'ಪೆಂಡ್ರಾಗನ್' (1985) ಆರ್ಥರ್ ದೊರೆಯ ಕಾಲದ ವೀರರ ಆಟ. ಅದರಲ್ಲಿ ಪ್ರೀತಿ, ನಿಷ್ಠೆ, ದ್ವೇಷಗಳಿಗೂ ಅಂಕಗಳಿವೆ. ಆ ಭಾವಗಳನ್ನೇ ನೆಚ್ಚಿ ಕಾದಾಡಲು ಹೊರಟಾಗ ದಾಳ ತೀರಾ ಕೆಟ್ಟದಾಗಿ ಬಿದ್ದರೆ ವೀರನಿಗೆ ಚಿತ್ತಭ್ರಮೆಯಾಗಿ, ಅವನು ಎಲ್ಲರನ್ನೂ ಬಿಟ್ಟು ಓಡಿಹೋಗುತ್ತಾನೆ, ಹಳೆಯ ಕಥೆಗಳಲ್ಲಿ ಲ್ಯಾನ್ಸಲಾಟ್ ಕಾಡು ಸೇರಿದ ಹಾಗೆ. ಜಾನ್ ಟೈನ್ಸ್ ಮತ್ತು ಗ್ರೆಗ್ ಸ್ಟೋಲ್ಜಿ 1998ರ 'ಅನ್‌ನೋನ್ ಆರ್ಮೀಸ್'ನಲ್ಲಿ ಒಂದೇ ಅಂಕಪಟ್ಟಿಯನ್ನು ಐದಾಗಿ ಒಡೆದರು: ಹಿಂಸೆ, ಅಲೌಕಿಕ, ಅಸಹಾಯಕತೆ, ಒಂಟಿತನ, ತಾನು ಎಂಬ ಭಾವ. ಪ್ರತಿಯೊಂದರಲ್ಲೂ ಎರಡು ದಾರಿ. ಆಘಾತಕ್ಕೆ ಕುಸಿಯುವುದು ಒಂದು, ಕಲ್ಲಾಗುವುದು ಇನ್ನೊಂದು. ಕಲ್ಲಾಗುವುದೂ ಮತಿ ಕೆಡುವುದರ ಒಂದು ರೂಪವೆಂದು ನಿಯಮದಲ್ಲೇ ಹೇಳಿದ್ದು ಆ ಆಟದ ದೊಡ್ಡ ಕೊಡುಗೆ. ಹೆಣ ನೋಡಿ ಚೀರುವವನಿಗಿಂತ ಹೆಣ ನೋಡಿಯೂ ಊಟ ಮುಂದುವರಿಸುವವನು ಹೆಚ್ಚು ದಿಗಿಲು ಹುಟ್ಟಿಸಬಲ್ಲ. 2016ರಲ್ಲಿ ಸ್ವತಂತ್ರ ಆಟವಾಗಿ ಬಂದ 'ಡೆಲ್ಟಾ ಗ್ರೀನ್' ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಅಲ್ಲಿ ಪಾತ್ರವೊಂದು ತನಗಾದ ಮಾನಸಿಕ ಪೆಟ್ಟನ್ನು ಹೆಂಡತಿ, ಮಗ, ಗೆಳೆಯ ಇಂಥ ಆಪ್ತರ ಮೇಲೆ ಹೊರಿಸಿ ತಾನು ತುಸು ಉಳಿದುಕೊಳ್ಳಬಹುದು. ಆದರೆ ಹಾಗೆ ಮಾಡಿದಷ್ಟೂ ಆ ಸಂಬಂಧದ ಅಂಕ ಕುಗ್ಗುತ್ತದೆ. ಒಬ್ಬನ ಮನಸ್ಸು ಒಡೆಯುವಾಗ ಬಿರುಕು ಮೊದಲು ಕಾಣುವುದು ಅವನ ಸುತ್ತಲಿನವರ ಬಾಳಿನಲ್ಲಿ ಎಂಬುದನ್ನು ಇಷ್ಟು ಚೊಕ್ಕವಾಗಿ ಹೇಳಿದ ಆಟದ ನಿಯಮ ಬೇರೊಂದಿಲ್ಲ.

ಇವೆಲ್ಲವೂ ಆಟಗಾರರು ತಾವೇ ನಡೆಸುವ ಪಾತ್ರಗಳಿಗಾಗಿ ಹುಟ್ಟಿದ ನಿಯಮಗಳು. ತನ್ನ ಹಾಳೆಯ ಮೇಲಿನ ಅಂಕ 60ರಿಂದ 35ಕ್ಕೆ ಇಳಿದದ್ದು ಆಟಗಾರನಿಗೆ ಗೊತ್ತಿರುತ್ತದೆ. ಆ ಇಳಿತವೇ ಅವನ ಭಯ. ಮಿತ್ರ ಪಾತ್ರದ ಕತೆ ಬೇರೆ. ಅವನು ಡಿಎಂ ಕೈಯಲ್ಲಿರುವವನು, ಆಟದ ಭಾಷೆಯಲ್ಲಿ ಎನ್‌ಪಿಸಿ. ಅವನಿಗೂ ಅಂಕ ಕೊಟ್ಟು, ಡಿಎಂ ಪರದೆಯ ಹಿಂದೆ ದಾಳ ಉರುಳಿಸುತ್ತ ಹೋದರೆ ಅಂಕ ಇಳಿಯುವುದೇನೋ ಕ್ರಮವಾಗಿಯೇ, ಆದರೆ ಆಟಗಾರರಿಗೆ ಕಾಣುವುದು ಕೊನೆಯ ದಿನದ ಸ್ಫೋಟ ಮಾತ್ರ. ಅಲ್ಲಿಗೆ ಮತ್ತೆ 1979ರ ಪಟ್ಟಿಗೇ ಮರಳಿದಂತಾಯಿತು. ಮಿತ್ರನ ಮತಿಭ್ರಮಣೆಯನ್ನು ಅಂಕಗಳು ತೋರಿಸಲಾರವು. ಅವನು ಆಟಗಾರರಿಗೆ ಏನು ಕೊಡುತ್ತಾನೆ, ಪ್ರತಿಯಾಗಿ ಏನು ಕೇಳುತ್ತಾನೆ, ಕೇಳುವಾಗ ಯಾವ ಕಾರಣ ಹೇಳುತ್ತಾನೆ ಎಂಬುದರಲ್ಲೇ ಅದು ಕಾಣಬೇಕು ಎಂಬುದು ನನ್ನ ವಾದ.

ಇದಕ್ಕೆ ಒಳ್ಳೆಯ ಪುರಾವೆ 2016ರಲ್ಲಿ ಬಂದ 'ಕರ್ಸ್ ಆಫ್ ಸ್ಟ್ರಾಡ್' ಎಂಬ ಕ್ಯಾಂಪೇನ್ ಪುಸ್ತಕದಲ್ಲಿದೆ. ಟ್ರೇಸಿ ಮತ್ತು ಲಾರಾ ಹಿಕ್‌ಮನ್ ದಂಪತಿ 1983ರಲ್ಲಿ ಬರೆದ 'ರೇವನ್‌ಲಾಫ್ಟ್' ಸಾಹಸದ ವಿಸ್ತೃತ ರೂಪ ಅದು. ರಕ್ತಪಿಶಾಚಿ ದೊರೆ ಸ್ಟ್ರಾಡ್‌ನ ಹಿಡಿತದಲ್ಲಿರುವ, ಮಂಜು ಮುಸುಕಿದ ನಾಡಿನಲ್ಲಿ ಕಥೆ ನಡೆಯುತ್ತದೆ. ಅದರಲ್ಲಿ ಮತಿಗೆಟ್ಟ ಇಬ್ಬರು ಬಲಾಢ್ಯರು ಸಿಗುತ್ತಾರೆ. ಒಬ್ಬ ಮಾರ್ಡನ್‌ಕೇನನ್, ಒಂದು ಕಾಲಕ್ಕೆ ಗೈಗ್ಯಾಕ್ಸ್ ಅವರೇ ಆಡುತ್ತಿದ್ದ ಪ್ರಸಿದ್ಧ ಮಾಂತ್ರಿಕ. ಸ್ಟ್ರಾಡ್‌ನನ್ನು ಕೆಡವಲು ಬಂದು, ಸೋತು, ತಾನು ಯಾರೆಂಬುದನ್ನೇ ಮರೆತು ಬೆಟ್ಟದಲ್ಲಿ ಅಲೆಯುತ್ತಿರುತ್ತಾನೆ. ತಕ್ಕ ಮಂತ್ರ ಪ್ರಯೋಗಿಸಿದರೆ ಅವನ ಬುದ್ಧಿ ಮರಳುತ್ತದೆ, ಮಿತ್ರನಾಗಿ ದೊರಕುತ್ತಾನೆ. ಪ್ರಸಂಗ ರೋಚಕವೇನೋ ಹೌದು. ಆದರೆ ಅವನು ಸಿಗುವ ಹೊತ್ತಿಗೇ ಹುಚ್ಚ. ಬೀಗ ಬಿದ್ದ ಪೆಟ್ಟಿಗೆಗೂ ಅವನಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಇನ್ನೊಬ್ಬ ಕ್ರೆಜ್ಕ್ ಎಂಬ ಊರಿನ ಮೇಲಿರುವ ಮಠದ ಮುಖ್ಯಸ್ಥ, ಅಬಟ್. ಅವನು ನಿಜದಲ್ಲಿ ಮನುಷ್ಯರೂಪ ತಳೆದ ದೇವದೂತ, ಈ ನಾಡಿಗೆ ಒಳಿತು ಮಾಡಲೆಂದೇ ಬಂದವನು. ಕುಷ್ಠದಿಂದ ನರಳುತ್ತಿದ್ದ ಬೆಲ್‌ವ್ಯೂ ಎಂಬ ಕುಟುಂಬವನ್ನು ಗುಣಪಡಿಸಿದ. ಅವರು ಇನ್ನಷ್ಟು ಬೇಡಿದರು, ಪ್ರಾಣಿಗಳಿಗಿರುವಂಥ ಕಣ್ಣು, ರೆಕ್ಕೆ, ಬಲ ಬೇಕೆಂದರು. ಅದನ್ನೂ ಕೊಡತೊಡಗಿದ. ಕಥೆಯಲ್ಲಿ ಆಟಗಾರರು ಬರುವ ಹೊತ್ತಿಗೆ ಆ ಕುಟುಂಬದವರು ವಿರೂಪಗೊಂಡು ಮಠದಲ್ಲಿ ಚೀರುತ್ತಿದ್ದಾರೆ. ಅಬಟ್ ಹೆಣಗಳ ತುಂಡು ಜೋಡಿಸಿ ಸ್ಟ್ರಾಡ್‌ಗೆ ಒಬ್ಬ ವಧುವನ್ನು ಕಟ್ಟುತ್ತಿದ್ದಾನೆ. ಅವಳನ್ನು ಕಂಡು ಸ್ಟ್ರಾಡ್‌ನ ಮನಸ್ಸು ತಣಿದರೆ ನಾಡಿನ ಶಾಪ ಕಳೆಯುತ್ತದೆ ಎಂಬುದು ಅವನ ದೃಢ ನಂಬಿಕೆ. ಆಟಗಾರರ ಬಳಿ ಅವನು ಕೇಳುವುದು ವಧುವಿಗೊಂದು ಮದುವೆಯ ಉಡುಪು, ಅಷ್ಟೇ. ಸತ್ತ ಸಂಗಾತಿಯನ್ನು ಬದುಕಿಸಿಕೊಡುವ ಶಕ್ತಿಯೂ ಅವನಲ್ಲಿದೆ. ಅಂಥವನನ್ನು ಹುಚ್ಚನೆಂದು ತಳ್ಳಿ ನಡೆಯುವುದು ಸುಲಭವೇ?

ಅಬಟ್ ಎಲ್ಲೂ ತಲೆ ಕೆರೆದುಕೊಂಡು ನಗುವುದಿಲ್ಲ, ಅರ್ಥವಿಲ್ಲದ್ದನ್ನು ಗೊಣಗುವುದಿಲ್ಲ. ಶಾಂತವಾಗಿ, ದಯೆಯಿಂದ, ತರ್ಕಬದ್ಧವಾಗಿ ಮಾತಾಡುತ್ತಾನೆ. ಅವನ ಪ್ರತಿ ಹೆಜ್ಜೆಯೂ ಹಿಂದಿನ ಹೆಜ್ಜೆಯಿಂದ ಸಹಜವಾಗಿ ಹುಟ್ಟಿದ್ದು. ರೋಗಿಯನ್ನು ಗುಣಪಡಿಸುವುದು ಸರಿ, ಗುಣವಾದವನ ಆಸೆ ಈಡೇರಿಸುವುದು ಬಹುಶಃ ಸರಿ, ಹೀಗೆ ಸಾಗಿ ಎಲ್ಲಿ ದಾರಿ ತಪ್ಪಿತೆಂದು ಬೆರಳಿಟ್ಟು ತೋರಿಸಲಾಗದು. ಪುಸ್ತಕದ ಕೊರತೆಯೆಂದರೆ ಈ ಇಳಿಜಾರಿನ ಬಹುಭಾಗ ಆಟಗಾರರು ಬರುವ ಮುಂಚೆಯೇ ಮುಗಿದಿರುತ್ತದೆ. ಇದೇ ಇಳಿಜಾರನ್ನು ಕ್ಯಾಂಪೇನ್‌ನ ಉದ್ದಕ್ಕೂ ಹರಡಬಲ್ಲ ಡಿಎಂಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ. ಉದಾಹರಣೆಗೆ, ಮೊದಲ ತಿಂಗಳಲ್ಲಿ ಮಿತ್ರ ಊರಿನ ಬಾಗಿಲಿಗೆ ಕಾವಲು ಹಾಕಿಸುತ್ತಾನೆ, ಎಲ್ಲರೂ ಮೆಚ್ಚುತ್ತಾರೆ. ಆಮೇಲೆ ಊರಿನವರು ಹೊರಗೆ ಹೋಗಲೂ ಅಪ್ಪಣೆ ಬೇಕೆನ್ನುತ್ತಾನೆ. ಅದಕ್ಕೂ ಕಾರಣವಿದೆ, ಹಿಂದಿನ ವಾರವಷ್ಟೇ ಗೂಢಚಾರ ಸಿಕ್ಕಿದ್ದಾನೆ. ಮುಂದೊಂದು ದಿನ ಹಳೆಯ ಸೇವಕ ಕಾಣೆಯಾಗುತ್ತಾನೆ, ಕೇಳಿದರೆ ಮಿತ್ರ ಮಾತು ಬದಲಿಸುತ್ತಾನೆ. ಇಷ್ಟರ ನಡುವೆಯೂ ಅವನ ನೆರವು ಒಮ್ಮೆಯೂ ತಪ್ಪಿರುವುದಿಲ್ಲ. ಕೊನೆಗೊಮ್ಮೆ ಒಂದು ಕೆಲಸವನ್ನು ತಾನು ಮಾಡದೆ ಆಟಗಾರರೇ ಮಾಡಲಿ ಎನ್ನುತ್ತಾನೆ. ಅಲ್ಲಿಯವರೆಗೆ ನೋಡುತ್ತಿದ್ದವರು ಈಗ ಪಾಲುದಾರರು. ನಾಟಕದ ಬಿಸಿ ಇರುವುದು ಆ ಕ್ಷಣದಲ್ಲೇ.

ಇದರಿಂದ ಹಳೆಯದೊಂದು ತೊಡಕೂ ಬಿಡುತ್ತದೆ. ಬಲಶಾಲಿ ಎನ್‌ಪಿಸಿ ಇದ್ದಲ್ಲೆಲ್ಲ ಏಳುವ ಪ್ರಶ್ನೆ, ಇಂಥ ಮಹಾಮಾಂತ್ರಿಕನಿರುವಾಗ ನಾವೇಕೆ ಎಂಬುದು. ಎಡ್ ಗ್ರೀನ್‌ವುಡ್ ಸೃಷ್ಟಿಸಿದ ಎಲ್‌ಮಿನ್‌ಸ್ಟರ್ ಎಂಬ ಮಾಂತ್ರಿಕನ ವಿಷಯದಲ್ಲಿ ಆಟಗಾರರು ಬಹುಕಾಲದಿಂದ ಕೇಳುತ್ತಿರುವುದೂ ಇದನ್ನೇ. ಮಿತ್ರನ ಶಕ್ತಿ ಕುಂದದೆ ಅವನ ವಿವೇಚನೆ ಮಾತ್ರ ಕುಂದುತ್ತ ಹೋದರೆ, ಅವನನ್ನು ಕರೆಯುವ ಮುನ್ನ ಆಟಗಾರರು ತಾವೇ ಎರಡು ಬಾರಿ ಯೋಚಿಸುತ್ತಾರೆ.

ಆಕ್ಷೇಪಗಳಿವೆ, ಹಗುರವಾದವಲ್ಲ. ನಂಬಿದ ಮಿತ್ರನೇ ಕೈಕೊಟ್ಟರೆ ಆಟಗಾರರು ಮೋಸಹೋದೆವೆಂದು ಮುನಿಯುವುದಿಲ್ಲವೇ, ಮುಂದೆ ಯಾವ ಪಾತ್ರವನ್ನೂ ನಂಬದಂತಾಗುವುದಿಲ್ಲವೇ ಎಂಬುದು ಒಂದು. ಮುನಿಯುತ್ತಾರೆ, ಸುಳಿವು ಸಾಲದಿದ್ದರೆ. 'ಗೇಮ್ ಆಫ್ ಥ್ರೋನ್ಸ್' ಧಾರಾವಾಹಿಯ ಕೊನೆಯ ಕಂತುಗಳಲ್ಲಿ, 2019ರ ಮೇ ತಿಂಗಳಲ್ಲಿ, ನಾಯಕಿಯರಲ್ಲೊಬ್ಬಳಾದ ಡನೇರಿಸ್ ತನಗೆ ಶರಣಾದ ನಗರವನ್ನೇ ಸುಟ್ಟಾಗ ಆದದ್ದು ಅದೇ. ಸುಳಿವುಗಳು ಇದ್ದವು, ಆದರೆ ಕೊನೆಯ ತಿರುವು ಆತುರದಲ್ಲಿ ಬಂತೆಂದು ದೊಡ್ಡ ಸಂಖ್ಯೆಯ ನೋಡುಗರು ಸಿಟ್ಟಾದರು. ಕೊನೆಯ ಸೀಸನ್ನನ್ನೇ ಮತ್ತೆ ಮಾಡಿ ಎಂಬ ಮನವಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ವಾರಕ್ಕೊಮ್ಮೆ ಮೂರ್ನಾಲ್ಕು ಗಂಟೆ ಆಡುವವರ ನೆನಪು ಇನ್ನೂ ಮಸುಕು. ಕಾದಂಬರಿಯಲ್ಲಿ ಢಾಳಾಗಿ ಕಾಣುವ ಸುಳಿವು ಮೇಜಿನ ಗದ್ದಲದಲ್ಲಿ ಕಣ್ಣಿಗೇ ಬೀಳದೆ ಹೋಗಬಹುದು. ಆಟಗಾರರು ಒಂದು ತೀರ್ಮಾನಕ್ಕೆ ಬರಬೇಕಿದ್ದರೆ ಕನಿಷ್ಠ ಮೂರು ಸುಳಿವಾದರೂ ಇಡಬೇಕೆಂದು ಜಸ್ಟಿನ್ ಅಲೆಕ್ಸಾಂಡರ್ 2008ರಲ್ಲಿ ಬರೆದದ್ದು ಪತ್ತೇದಾರಿ ಸಾಹಸಗಳನ್ನು ಕುರಿತು. ಮಿತ್ರನ ವಿಷಯಕ್ಕೂ ಅದು ಸಲ್ಲುತ್ತದೆ, ಮೂರಕ್ಕೆ ನಿಲ್ಲಿಸಬೇಕಿಲ್ಲ. ಆಟಗಾರರು ಬೇಗನೆ ಊಹಿಸಿಬಿಟ್ಟರೂ ನಷ್ಟವಿಲ್ಲ. ಗೊತ್ತಿದ್ದೂ ಅವನ ನೆರವಿಗೆ ಕೈಚಾಚುವ ಸಂಕಟ ಅಚ್ಚರಿಗಿಂತ ದೊಡ್ಡದು.

ಅಂಕವೇ ಇಲ್ಲದಿದ್ದರೆ ಡಿಎಂ ಮನಸ್ಸಿಗೆ ಬಂದಂತೆ ನಡೆಸಿ, ಮೊದಲೇ ಬರೆದಿಟ್ಟ ಅಂತ್ಯಕ್ಕೆ ಎಲ್ಲರನ್ನೂ ದೂಡಿಕೊಂಡು ಹೋಗುತ್ತಾರೆ ಎಂಬುದು ಇನ್ನೊಂದು ಆಕ್ಷೇಪ. ಇದು ನಿಜವಾದ ಅಪಾಯ. ಇದಕ್ಕೆ ಪರಿಹಾರ ವಿನ್ಸೆಂಟ್ ಬೇಕರ್ ಅವರ 'ಅಪೋಕ್ಯಾಲಿಪ್ಸ್ ವರ್ಲ್ಡ್' (2010) ಆಟದಲ್ಲಿ ಸಿಗುತ್ತದೆ. ಅಲ್ಲಿ ಬರಲಿರುವ ಕೇಡನ್ನು ಗಡಿಯಾರದಂಥ ಒಂದು ಚಿತ್ರದಲ್ಲಿ ಹಂತಹಂತವಾಗಿ ಗುರುತು ಹಾಕುತ್ತಾರೆ. ಯಾರೂ ತಡೆಯದಿದ್ದರೆ ಮುಂದೇನಾಗುತ್ತದೆ ಎಂಬುದು ಪ್ರತಿ ಮನೆಯಲ್ಲೂ ಬರೆದಿರುತ್ತದೆ. ಗಡಿಯಾರ ಅಳೆಯುವುದು ಜಗತ್ತಿನಲ್ಲಿ ನಡೆಯುವ ಘಟನೆಗಳನ್ನು. ಮಿತ್ರನ ಮನಸ್ಸಿನ ಬದಲು ಅವನ ಕೃತ್ಯಗಳಿಗೆ ಇಂಥದ್ದೊಂದು ಗಡಿಯಾರ ಇಟ್ಟರೆ, ಆಟಗಾರರು ನಡುವೆ ಕೈಹಾಕಿ ಮುಳ್ಳನ್ನು ನಿಲ್ಲಿಸಬಹುದು, ಹಿಂದಕ್ಕೂ ತಿರುಗಿಸಬಹುದು.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಗಂಭೀರ: ಮಾನಸಿಕ ಕಾಯಿಲೆಯನ್ನು ಆಟದ ವಸ್ತು ಮಾಡುವುದು, ಅದನ್ನು ಕ್ರೌರ್ಯದೊಂದಿಗೆ ಹೆಣೆಯುವುದು ಕಾಯಿಲೆಯಿಂದ ನಿಜವಾಗಿ ನರಳುವವರಿಗೆ ಮಾಡುವ ಅನ್ಯಾಯ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆ ಕಾಯಿಲೆಗಳಿರುವವರು ಹಿಂಸೆ ಮಾಡುವುದಕ್ಕಿಂತ ಹಿಂಸೆಗೆ ತುತ್ತಾಗುವುದೇ ಹೆಚ್ಚು. ಆಟಗಳೂ ಇದನ್ನು ತಡವಾಗಿ ಕಲಿತವು. 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಹುಚ್ಚಿನ ಪಟ್ಟಿಗಳು ಇನ್ನೂ ಇದ್ದವು. 2021ರ 'ವ್ಯಾನ್ ರಿಕ್ಟನ್ಸ್ ಗೈಡ್ ಟು ರೇವನ್‌ಲಾಫ್ಟ್' ಪುಸ್ತಕ ಆ ಜಾಗದಲ್ಲಿ ಭಯ ಮತ್ತು ಒತ್ತಡದ ನಿಯಮಗಳನ್ನು ಇಟ್ಟಿತು. ಯಾವ ವಿಷಯ ಆಟದಲ್ಲಿ ಬರಲೇಬಾರದು, ಯಾವುದು ಪರದೆಯ ಹಿಂದೆ ನಡೆಯಲಿ ಎಂದು ಮುಂಚೆಯೇ ಮಾತಾಡಿಕೊಳ್ಳುವ ಪದ್ಧತಿಯನ್ನು ರಾನ್ ಎಡ್ವರ್ಡ್ಸ್ 2003ರಲ್ಲೇ ಬರೆದಿದ್ದರು. ಆಟದ ನಡುವೆ ಯಾರಿಗೇ ಇರಿಸುಮುರಿಸಾದರೂ ಕಾರಣ ಹೇಳದೆ ಮುಟ್ಟಿ ಆ ದೃಶ್ಯವನ್ನು ಬಿಡಿಸಬಹುದಾದ 'ಎಕ್ಸ್ ಕಾರ್ಡ್' ಜಾನ್ ಸ್ಟಾವ್ರೊಪೌಲೊಸ್ ಅವರ ಕೊಡುಗೆ. ಇವೆರಡೂ ಬೇಕು. ಜೊತೆಗೆ, ಮಿತ್ರನಿಗೆ ಕಾಯಿಲೆಯ ಹೆಸರು ಬೇಡವೇ ಬೇಡ. ಅಬಟ್‌ಗೆ ಯಾವ ರೋಗ ಎಂದು ತಿಳಿಯದೆಯೂ ಅವನ ದುರಂತ ಪೂರ್ತಿ ಅರ್ಥವಾಗುತ್ತದೆ.

ಹಾಗಾದರೆ ಇದು ಹುಚ್ಚೇ ಅಲ್ಲ, ಒಬ್ಬ ದುಷ್ಟನಾಗುವ ಕಥೆ ಎನ್ನಬಹುದು. ದುಷ್ಟನಿಗೆ ತಾನು ಬಯಸುವುದು ಏನೆಂದು ಗೊತ್ತಿರುತ್ತದೆ. ಈ ಮಿತ್ರನಾದರೋ ಇಂದಿಗೂ ಮೊದಲಿನ ಒಳಿತನ್ನೇ ಬಯಸುತ್ತಿದ್ದಾನೆ, ತಾನು ಅದರಿಂದ ಎಷ್ಟು ದೂರ ಬಂದಿದ್ದೇನೆ ಎಂಬುದು ಮಾತ್ರ ಕಾಣುತ್ತಿಲ್ಲ. ಆದ್ದರಿಂದಲೇ ಅವನನ್ನು ಕೊಂದು ಮುಗಿಸುವುದೊಂದೇ ದಾರಿಯಾಗಬಾರದು. ಕಾಡು ಸೇರಿದ ಲ್ಯಾನ್ಸಲಾಟ್‌ನೂ ಕೊನೆಗೆ ಆಸ್ಥಾನಕ್ಕೆ ಮರಳಿದ. ಇಂಥ ಕಥೆ ನಡೆಸಲು ಹೊರಟಿರುವ ಡಿಎಂಗಳಲ್ಲಿ ಕೇಳಿಕೊಳ್ಳುವುದು ಇಷ್ಟು: ಅವನ ಮೊದಲ ಒಳ್ಳೆಯ ಕೆಲಸವನ್ನು ಕಂಡ ಒಬ್ಬರನ್ನಾದರೂ ಕೊನೆಯವರೆಗೆ ಬದುಕಿಸಿಡಿ, ಅವರ ಮಾತಿಗೆ ಅವನು ಕಿವಿಗೊಡುವ ಸಾಧ್ಯತೆಯನ್ನು ಮುಚ್ಚಬೇಡಿ, ಆ ಮಾತನ್ನು ಆಡಿಸಬೇಕೋ ಬೇಡವೋ ಎಂಬುದನ್ನು ಆಟಗಾರರಿಗೆ ಬಿಡಿ.