ಮತ್ತೆ ಪಾಠಶಾಲೆಗೆ ಸಿಸ್ಟರಮ್ಮ

ಬೆಳಗಿನ ಒಂಬತ್ತು ಗಂಟೆ. ಹದಿನಾಲ್ಕು ವರ್ಷ ವಾರ್ಡಿನಲ್ಲಿ ನಿಂತೇ ದಿನ ಕಳೆದ ಕಾಲುಗಳು ಬೆಂಚಿನ ಕೆಳಗೆ ಚಡಪಡಿಸುತ್ತಿವೆ. ಪಾಠ ಹೇಳುವ ಉಪಾಧ್ಯಾಯಿನಿ ಈಕೆಗಿಂತ ಆರೇಳು ವರ್ಷ ಕಿರಿಯಳು. ಹಾಜರಿ ಕರೆದಾಗ 'ಪ್ರೆಸೆಂಟ್, ಮೇಡಂ' ಎನ್ನಲು ನಾಲಗೆ ಒಂದು ಕ್ಷಣ ತಡವರಿಸುತ್ತದೆ. ನೂರಾರು ರೋಗಿಗಳಿಂದ 'ಸಿಸ್ಟರಮ್ಮ' ಎನಿಸಿಕೊಂಡವಳು ಈಗ ಮತ್ತೆ ವಿದ್ಯಾರ್ಥಿನಿ!

ನಮ್ಮ ನಾಡಿನ ನರ್ಸಿಂಗ್ ಕಾಲೇಜುಗಳಲ್ಲಿ ಈ ದೃಶ್ಯ ಅಪರೂಪವಲ್ಲ. ಡಿಪ್ಲೊಮಾ ಪಡೆದು ನೌಕರಿಗೆ ಸೇರಿದ ದಾದಿಯರು ಪದವೀಧರೆಯರಾಗಲು ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಎಂಬ ಎರಡು ವರ್ಷಗಳ ವ್ಯಾಸಂಗವುಂಟು. ಶುಶ್ರೂಷೆಗೂ ವಿಶ್ವವಿದ್ಯಾನಿಲಯದ ಪದವಿ ಇರಬೇಕೆಂಬ ವಿಚಾರ ಹೊಸದೇನೂ ಅಲ್ಲ. ದೆಹಲಿಯಲ್ಲಿಯೂ ವೆಲ್ಲೂರಿನಲ್ಲಿಯೂ 1946ರಲ್ಲಿಯೇ ಇಂತಹ ತರಗತಿಗಳು ಆರಂಭವಾದವು. ಆದರೂ ಡಿಪ್ಲೊಮಾದ ಬಲದಿಂದಲೇ ವಾರ್ಡುಗಳ ಭಾರ ಹೊತ್ತವರು ಅಸಂಖ್ಯರು.

"ಕೆಲಸವೆಲ್ಲ ಬಲ್ಲವಳಿಗೆ ಇನ್ನು ಪದವಿಯೇಕೆ?" ಎಂದು ಮನೆಯಲ್ಲಿ ಅತ್ತೆಯವರು ಕೇಳಿದರೆ ತಪ್ಪೆನ್ನಲಾಗದು. ಸಂಬಳ ಸಿಗದ ರಜೆ, ಇಲ್ಲವೇ ರಾಜೀನಾಮೆ. ಮಕ್ಕಳ ಶಾಲೆಯ ಶುಲ್ಕ, ಮನೆಸಾಲದ ಕಂತು — ಇವು ಎರಡು ವರ್ಷ ಕಾಯುವುದಿಲ್ಲ. ಕನ್ನಡದಲ್ಲಿ ಶಾಲೆ ಕಲಿತವಳಿಗೆ ಜೀವರಸಾಯನಶಾಸ್ತ್ರವನ್ನೂ ಸಮಾಜಶಾಸ್ತ್ರವನ್ನೂ ಇಂಗ್ಲಿಷಿನಲ್ಲಿ ಬರೆಯುವ ಸಂಕಟ ಬೇರೆ. ಬಡ್ತಿಯ ಆಸೆ ಇಲ್ಲವೆಂದರೆ ಸುಳ್ಳಾದೀತು, ಎಂ.ಎಸ್ಸಿ. ಓದಿ ಬೋಧಕಿಯಾಗಬೇಕೆನ್ನುವವಳಿಗಂತೂ ಈ ಪದವಿಯೇ ಹೊಸ್ತಿಲು.

ಆದರೆ ಅಂಕಪಟ್ಟಿಯಲ್ಲಿ ಕಾಣಿಸದ ಲಾಭವೊಂದುಂಟು. ಸೂಕ್ಷ್ಮಜೀವಿಶಾಸ್ತ್ರದ ಪ್ರಯೋಗಶಾಲೆಯಲ್ಲಿ ಈಕೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಾಗ ದ್ರಾಕ್ಷಿಯ ಗೊಂಚಲಿನಂತೆ ನೇರಳೆ ಬಣ್ಣದ ಮಣಿಗಳು ಕಂಡವು. ಗಾಯದಲ್ಲಿ ಕೀವು ತುಂಬಿಸುವ ಸ್ಟಫೈಲೊಕಾಕಸ್! ಡಿಪ್ಲೊಮಾದ ದಿನಗಳಲ್ಲಿ ಓದಿ ಮರೆತಿದ್ದ ಹೆಸರು. ಡ್ರೆಸ್ಸಿಂಗಿಗೆ ಮೊದಲು ಸಾವಿರಾರು ಬಾರಿ ಕೈ ತೊಳೆದವಳು ತಾನು ಇಷ್ಟು ವರ್ಷ ಯಾವ ವೈರಿಯನ್ನು ತಡೆದಿದ್ದೆನೆಂಬುದನ್ನು ಅಂದು ಮನಸಾರೆ ನೋಡಿದಳು.

ಎರಡನೆಯ ವರ್ಷದಲ್ಲಿ ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ. ಹಾಸಿಗೆ ಹಿಡಿದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬೆನ್ನುಹುಣ್ಣು ಬಾರದಂತೆ ಕಾಯುವುದು ಈಕೆಯ ಕೈಗೆ ಗೊತ್ತು. ಎಷ್ಟು ರೋಗಿಗಳು, ಎಷ್ಟು ದಿನ, ಎಷ್ಟು ಮಂದಿಗೆ ಹುಣ್ಣು ಎಂದು ಕಾಗದದ ಮೇಲೆ ಇಡುವುದು ಗೊತ್ತಿರಲಿಲ್ಲ. ರಾತ್ರಿ ಪಾಳಿಗೆ ಇನ್ನೊಬ್ಬ ನರ್ಸ್ ಬೇಕೆಂದು ಬಾಯಿಮಾತಿನಲ್ಲಿ ಕೇಳಿದರೆ ಅದು ಗೊಣಗಾಟ. ಅದನ್ನೇ ಅಂಕಿಗಳೊಡನೆ ಮುಂದಿಟ್ಟರೆ ಮೇಲಿನವರು ಓದಲೇಬೇಕಾದ ವರದಿ. ಈ ವ್ಯತ್ಯಾಸ ತಿಳಿದ ದಿನ ಈಕೆ ಮನೆಗೆ ಹೋಗಿ ಹಳೆಯ ಡೈರಿಗಳನ್ನೆಲ್ಲ ಹುಡುಕಿ ತೆಗೆದಳಂತೆ.

ವಾರ್ಡಿನ ಅಭ್ಯಾಸಕ್ಕೆ ಹೋದಾಗ ಮಾತ್ರ ಪೇಚಾಟ. ವಿದ್ಯಾರ್ಥಿನಿಯ ಉಡುಪಿನಲ್ಲಿ ಮೂಲೆಯಲ್ಲಿ ನಿಂತಿದ್ದಾಳೆ. ಕಿರಿಯ ನರ್ಸೊಬ್ಬಳಿಗೆ ವೃದ್ಧನ ಕೈಯಲ್ಲಿ ರಕ್ತನಾಳ ಸಿಗುತ್ತಿಲ್ಲ. ಎರಡು ಬಾರಿ ಸೂಜಿ ತಪ್ಪಿದೆ. ಈಕೆ ತಡೆಯಲಾರದೆ ಅಪ್ಪಣೆ ಪಡೆದು ಮುಂದೆ ಬಂದು, ಮೊದಲು ಆ ತಣ್ಣನೆಯ ಕೈಗೆ ಶಾಖ ಕೊಟ್ಟು, ನಾಳ ಉಬ್ಬಿಕೊಂಡ ಮೇಲೆ ಒಂದೇ ಪ್ರಯತ್ನಕ್ಕೆ ಸೂಜಿ ಏರಿಸಿದಳು. ಶಾಖಕ್ಕೆ ನಾಳ ಹಿಗ್ಗುವ ಬಗೆಯನ್ನು ಹುಡುಗಿಗೆ ಮೆಲ್ಲನೆ ವಿವರಿಸಿಯೂ ಕೊಟ್ಟಳು.

"ನೀವು ಹೊಸಬರೇನಮ್ಮ?" ಎಂದ ಮುದುಕ, ಉಡುಪನ್ನು ನೋಡಿ.

"ಹೌದು ಅಜ್ಜಾ, ಇನ್ನೂ ಕಲಿಯುತ್ತಿದ್ದೇನೆ."

ಮುದುಕನಿಗೆ ನಂಬಿಕೆಯಾಗಲಿಲ್ಲ.